ಉಪವಾಸದ ಗಿಡ

ಸೊಸೆ ಮತ್ತೆ ಹಾಲು ಸೀಯಿಸಿದಳು. ಒಲೆಗೆ ಬೆನ್ನು ಮಾಡಿ ನಿಂತು ಸೊಪ್ಪು ಬಿಡಿಸುತ್ತಿದ್ದಳು. ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಹಿಡಿದು, ಸೀದ ವಾಸನೆ ಬೀದಿಯವರೆಗೆ ಹೋಗಿ, ಗೇಟಿನ ಹತ್ತಿರ ಕಸ ಗುಡಿಸುತ್ತಿದ್ದ ಅತ್ತೆಯ ಮೂಗಿಗೆ ಬಡಿದರೂ ಇವಳಿಗೆ ಗೊತ್ತಾಗಿರಲಿಲ್ಲ.

"ಅಯ್ಯೋ, ಸೀದು ಹೋಗ್ತಿದೆಯಲ್ಲೇ!" ಎನ್ನುತ್ತ ಆ ಅತ್ತೆ, ಮನೆಯ ಅಜ್ಜಿ, ಪೊರಕೆ ಸಮೇತ ಓಡಿಬಂದಳು. ವಯಸ್ಸಾದ ಮೇಲೆ ಅವಳು ಅಷ್ಟು ಜೋರಾಗಿ ಓಡಿದ್ದೇ ಇಲ್ಲ.

"ಯಾವುದು ಅತ್ತೆ?" ಎಂದು ಸೊಸೆ ತಿರುಗಿ ನೋಡಿದಳು. ಅವಳ ಮೊಣಕೈಗೂ ಪಾತ್ರೆಗೂ ಒಂದು ಗೇಣಿನ ಅಂತರವಿತ್ತು.

ಈ ಸೊಸೆ ಹಿಂದೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ನೂರಾರು ಜನಕ್ಕೆ ಬೇಯಿಸಿ ಹಾಕಿದವಳು. ಕೊಳದಪ್ಪಲೆಯ ಮುಚ್ಚಳ ಎತ್ತಿದೊಡನೆ "ಇದಕ್ಕೆ ಬೆಳ್ಳುಳ್ಳಿ ಸಾಲದು" ಎನ್ನುತ್ತಿದ್ದಳು, ರುಚಿಯೂ ನೋಡದೆ. ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟು ಹೋಗುವಾಗ ಮೂಗನ್ನು ಮುಖದ ಮೇಲೇ ಬಿಟ್ಟು, ಅದರ ಕೆಲಸವನ್ನು ಮಾತ್ರ ಕಟ್ಟಿಕೊಂಡು ಹೋಯಿತು. ಕ್ಯಾಂಟೀನಿನ ಮೇಲ್ವಿಚಾರಕ ಒಳ್ಳೆಯವನೇ. ಒಂದು ತಪ್ಪಲೆ ಕಾಳು ಸೀದಾಗ ಸುಮ್ಮನಿದ್ದ. ಎರಡನೆಯದು ಸೀದಾಗ, "ಮನೇಲಿ ಸುಧಾರಿಸ್ಕೊಳ್ಳಮ್ಮ, ಮೂಗು ಸರಿಯಾದ ಮೇಲೆ ಬಾ" ಎಂದು ಕಳಿಸಿದ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಾತಾಡುವುದೇ ಕಷ್ಟವಾಯಿತು. ನಮ್ಮ ಮಾತಿನಲ್ಲಿ ಮೂಗಿಗೆ ಇರುವಷ್ಟು ಕೆಲಸ ಕೈಕಾಲಿಗೂ ಇಲ್ಲ. ಮೂಗು ಮುರಿಯುತ್ತೇವೆ, ಮೂಗಿನ ಮೇಲೆ ಬೆರಳಿಡುತ್ತೇವೆ, ಮೂಗಿನ ನೇರಕ್ಕೆ ಮಾತಾಡುತ್ತೇವೆ. ಮೊಮ್ಮಗಳಿಗಂತೂ ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೇ ಅವಳಿಗೆ ಚಿಕ್ಕಂದಿನಿಂದ ಸಿಡುಕಿ ಎಂದು ಹೆಸರು. ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ಗಿರಾಕಿಗಳ ಮುಂದೆ ದಿನವಿಡೀ ನಕ್ಕು ನಕ್ಕು ಸುಸ್ತಾಗಿ, ಉಳಿದ ಸಿಡುಕನ್ನೆಲ್ಲ ಮನೆಗೆ ತರುತ್ತಿದ್ದಳು.

ಒಂದು ಮಧ್ಯಾಹ್ನ ತಲೆನೋವೆಂದು ಬೇಗ ಮನೆಗೆ ಬಂದವಳು ಬಾಗಿಲು ತೆಗೆದರೆ ಒಳಗೆಲ್ಲ ಗ್ಯಾಸ್. ಅಡುಗೆಮನೆಯಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಲೈಟರ್, ಇನ್ನೊಂದು ಕೈಯಲ್ಲಿ ಕನ್ನಡಕ ಒರೆಸುವ ಬಟ್ಟೆ. ಒಲೆ ಹೊತ್ತಿಸಬೇಕೆಂದು ಗ್ಯಾಸ್ ತಿರುಗಿಸಿದವಳು ಕನ್ನಡಕ ಮಸುಕಾಗಿದೆಯೆಂದು ಒರೆಸಲು ಕೂತಿದ್ದಳು. ಒರೆಸಿ ಮುಗಿಸಿದ್ದಳು ಕೂಡ.

ಸಿಡುಕಿ ಕೂಗಲಿಲ್ಲ. ಗ್ಯಾಸ್ ಬಂದ್ ಮಾಡಿದಳು, ಕಿಟಕಿ ತೆಗೆದಳು, ಲೈಟರ್ ಕಿತ್ತುಕೊಂಡಳು, ಅಂಗಳಕ್ಕೆ ಹೋಗಿ ವಾಂತಿ ಮಾಡಿಕೊಂಡಳು.

ಸಂಜೆ ಅವಳ ಅಪ್ಪ ಬಂದ. ಅವನು ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಸಾಸಿವೆ ಕಾಳಿನಂಥ ತಿರುಪುಗಳ ಜೊತೆ ಕೂತು ಕೂತು, ಮಾತನ್ನೂ ಚಿಮಟದಲ್ಲಿ ಎತ್ತಿದ ಹಾಗೆ ಒಂದೊಂದೇ ಆಡುತ್ತಿದ್ದ.

"ಇನ್ಮೇಲೆ ನೀನು ಒಲೆ ಹೊತ್ತಿಸೋದು ಬೇಡ" ಎಂದ ಹೆಂಡತಿಗೆ.

"ಮತ್ತೆ ಅಡುಗೆ?"

"ಅಮ್ಮ ಮಾಡ್ತಾಳೆ."

"ಅತ್ತೆ ಮಂಡಿ ನೋವಲ್ಲಿ ನಿಂತ್ಕೊಂಡು ಬೇಯಿಸ್ಲಿ, ನಾನು ಕೂತ್ಕೊಂಡು ತಿನ್ಲಿ. ಅಷ್ಟೇ ತಾನೇ ನೀವು ಹೇಳೋದು?"

"ನೀನು ಬದುಕಿರ್ಬೇಕು. ಅಷ್ಟೇ ನಾನು ಹೇಳೋದು."

ಆ ದಿನದಿಂದ ಲೈಟರ್ ಅಜ್ಜಿಯ ಸೊಂಟ ಸೇರಿತು.

ಮೂಗು ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಪರಿಮಳದ ವಸ್ತು ಒಂದನ್ನು ಬೆಳಿಗ್ಗೆ ಸಂಜೆ ಮನಸ್ಸಿಟ್ಟು ಮೂಸಿ ನೋಡುತ್ತಿರಿ, ಮೂಗಿಗೂ ಅಭ್ಯಾಸ ಬೇಕು ಎಂದರು. ಮರುದಿನವೇ ಗಡಿಯಾರದವನು ನರ್ಸರಿಗೆ ಹೋಗಿ ಒಂದು ಗಿಡ ತಂದ. ನರ್ಸರಿಯವನು ಹೇಳಿದ್ದ ಉದ್ದನೆಯ ಹೆಸರು ದಾರಿಯಲ್ಲೇ ಮರೆತುಹೋಗಿತ್ತು. ಬೂದಿ ಬಣ್ಣದ ಸಣ್ಣ ಎಲೆ, ಗಿಡ್ಡ ಪೊದೆ, ಹೂ ಬಿಟ್ಟರೆ ನೇರಳೆ ತೆನೆ.

"ನಮ್ಮ ಅಂಗಳದಲ್ಲಿ ಇದು ಬದುಕುತ್ತಾ?" ಎಂದಳು ಅಜ್ಜಿ. ಗೇಟಿಗೂ ಬಾಗಿಲಿಗೂ ನಡುವೆ ಇದ್ದದ್ದು ಬರೀ ಜಲ್ಲಿಮಣ್ಣು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ. ಅಲ್ಲಿ ಕಳೆ ಕೂಡ ಬೇಸರದಿಂದ ಬೆಳೆಯುತ್ತಿತ್ತು.

"ಇದಕ್ಕೆ ಇಂಥ ಜಾಗವೇ ಬೇಕಂತೆ. ಬೇರು ಹಿಡಿಯೋವರೆಗೆ ಸ್ವಲ್ಪ ನೀರು, ಆಮೇಲೆ ಮುಟ್ಟಲೇಬಾರದಂತೆ. ಬಾಯಾರಿದಷ್ಟೂ ಘಮ ಜಾಸ್ತಿ, ನೀರು ಕುಡಿಸಿದ್ರೆ ಎಲೆ ಬರುತ್ತೆ, ಘಮ ಹೋಗುತ್ತೆ ಅಂದ."

"ಉಪವಾಸ ಕೆಡವಿ ಹೂ ಬಿಡಿಸ್ಕೊಳ್ಳೋದಾ? ಇದ್ಯಾವ ನ್ಯಾಯವೋ! ಉಪವಾಸದ ಗಿಡ ಅನ್ನು."

ಹೆಸರು ಅಂಟಿಕೊಂಡಿತು. ಗಡಿಯಾರದವನು ಗುಂಡಿ ತೋಡಿದ, ಸಿಡುಕಿ ಕಲ್ಲು ಆರಿಸಿದಳು, ಸೊಸೆ ತನ್ನ ಕೈಯಾರೆ ಗಿಡ ನೆಟ್ಟಳು. ನೆಟ್ಟು ಎದ್ದು, ಕೈಯ ಮಣ್ಣು ಮೂಸಿ ನೋಡಿದಳು. ಏನೂ ಇಲ್ಲವೆಂದು ತಲೆಯಾಡಿಸಿದಳು.

"ಈ ಹೂವಿನ ಘಮ ನಿನಗೆ ಬಂದ ದಿನ ಒಲೆ ನಿಂದು" ಎಂದ ಗಂಡ.

"ನಿಜವಾಗ್ಲೂ?"

"ನಿಜವಾಗ್ಲೂ. ನಾನೇ ಲೈಟರ್ ಕೊಡಿಸ್ತೀನಿ."

ಅಜ್ಜಿಯ ಅಡುಗೆಯ ಕಥೆ ಹೇಳದಿರುವುದೇ ಲೇಸು. ಅನ್ನ ಒಂದು ದಿನ ಅಂಟು, ಒಂದು ದಿನ ಅಕ್ಕಿ. ಸೊಸೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತರಕಾರಿ ಹೆಚ್ಚಿಕೊಡುತ್ತ ಅಲ್ಲಿಂದಲೇ ಹೇಳುವಳು, "ಅತ್ತೆ, ಉರಿ ಸಣ್ಣ ಮಾಡಿ. ಈರುಳ್ಳಿ ಕೆಂಪಾಗಿದೆ. ಈಗ ಕಾಳು ಹಾಕಿ."

"ನಾನೂ ನಿನ್ನ ಗಂಡನ್ನ ಬೇಯಿಸಿ ಹಾಕೇ ಬೆಳೆಸಿದ್ದು ಕಣೇ. ಸುಮ್ನೆ ಕೂತ್ಕೋ."

"ಅದಕ್ಕೇ ಅಪ್ಪ ಇಷ್ಟು ಸಣ್ಣ" ಎನ್ನುವಳು ಸಿಡುಕಿ ತಟ್ಟೆ ಹಿಡಿದು ಬಂದು. "ಅಜ್ಜೀ, ಇದು ಸಾರಾ, ಪಾತ್ರೆ ತೊಳೆದ ನೀರಾ?"

"ಪಾತ್ರೆ ತೊಳೆದ ನೀರು ಅಲ್ಲಿದೆ. ಬೇಕಾ?"

ಸೊಸೆ ಮಾತ್ರ ಏನು ಹಾಕಿದರೂ ತಿನ್ನುತ್ತಿದ್ದಳು. ನಾಲಿಗೆಗೆ ಉಪ್ಪು ಹುಳಿ ಗೊತ್ತಾಗುತ್ತಿತ್ತು, ಅದರಾಚೆ ಏನೂ ಇಲ್ಲ. ಬೇಯಿಸಿದ ಕಾಳೂ ಒಂದೇ, ಒದ್ದೆ ರಟ್ಟೂ ಒಂದೇ ಎನ್ನುತ್ತಿದ್ದಳು. ಬೆಳಿಗ್ಗೆ ಸಂಜೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆ ಉಜ್ಜಿ ಮೂಸುತ್ತಿದ್ದಳು. ಕೂತವಳು ಏಳುವಾಗ ಮುಖ ನೋಡಬಾರದು ಎಂದು ಮನೆಯವರೆಲ್ಲ ಆ ಹೊತ್ತಿಗೆ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದರು.

ಇನ್ನು ಅಜ್ಜಿಯ ಸಂಗತಿ. ಆ ಮನೆಗೆ ಬಂದ ಬೆಕ್ಕು ಹಸಿದು ಹೋದದ್ದಿಲ್ಲ, ಸೋಪು ಮಾರಲು ಬಂದವಳು ಕೂಡ ಚಹಾ ಕುಡಿಯದೆ ಹೋದದ್ದಿಲ್ಲ. ಅಂಥವಳ ಕಣ್ಣೆದುರೇ ಒಂದು ಜೀವ ಬಿಸಿಲಿಗೆ ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಹೇಗೆ ಸಹಿಸುತ್ತಾಳೆ? ಮಧ್ಯಾಹ್ನ ಸೊಸೆ ಮಲಗಿದ ಮೇಲೆ ಅಕ್ಕಿ ತೊಳೆದ ನೀರನ್ನು ತಂದು ಬುಡಕ್ಕೆ ಸುರಿಯತೊಡಗಿದಳು. "ಕುಡಿ ಮಗಾ, ಯಾರಿಗೂ ಹೇಳ್ಬೇಡ" ಎನ್ನುತ್ತಿದ್ದಳು. ಹಾಲಿನ ಪಾತ್ರೆ ತೊಳೆದ ನೀರು, ಚಹಾದ ಚರಟ, ಎಲ್ಲ ಆಯಿತು. ಕರುಣೆಯೊಂದೇ ಅಲ್ಲ, ಅವಳಿಗೆ ಅವಸರವೂ ಇತ್ತು. ಒಲೆಯ ಮುಂದೆ ನಿಂತು ನಿಂತು ಮಂಡಿ ಊದಿಕೊಂಡಿತ್ತು. ಗಿಡ ಬೇಗ ಹೂ ಬಿಡಲಿ, ಸೊಸೆಯ ಮೂಗು ಬರಲಿ, ಈ ಲೈಟರ್ ತನ್ನ ಸೊಂಟದಿಂದ ಇಳಿಯಲಿ ಎಂದು ಅವಳ ಆಸೆ.

ಗಿಡ ಮೈತುಂಬಿಕೊಂಡಿತು. ಬೂದಿ ಬಣ್ಣ ಹೋಗಿ ಹಸಿರಾಯಿತು, ಉದ್ದುದ್ದ ಕವಲೊಡೆದು ಒಂದು ಕಡೆ ವಾಲಿತು.

"ನೋಡಿ, ಒಂದು ಹನಿ ನೀರಿಲ್ಲದೆ ಹೇಗೆ ಬೆಳೆದಿದೆ!" ಎಂದು ಗಡಿಯಾರದವನು ಬೀಗಿದ.

"ಅದರ ಹಣೆಬರಹ ಚೆನ್ನಾಗಿದೆ" ಎಂದಳು ಅಜ್ಜಿ ಬೇರೆ ಕಡೆ ನೋಡುತ್ತ.

ಮೊಗ್ಗು ಕಂಡ ವಾರ ಸಿಡುಕಿ ಒಂದು ಸಂಜೆ ತಡವಾಗಿ ಬಂದಳು. ಯಾಕೆ ತಡ, ಯಾರ ಜೊತೆ ಬಂದೆ ಎಂದು ಅಮ್ಮ ಬಾಗಿಲಲ್ಲೇ ಕೇಳಿದಳು.

"ಅಂಗಡೀಲಿ ಲೆಕ್ಕ ತಾಳೆ ಆಗ್ಲಿಲ್ಲ. ಎಲ್ಲದಕ್ಕೂ ಮೂಗು ತೂರಿಸ್ಬೇಡಮ್ಮ!" ಎಂದಳು ಸಿಡುಕಿ. ಬಾಯಿಂದ ಬಿದ್ದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

"ತೂರಿಸೋಕೆ ಮೂಗೆಲ್ಲಿದೆ ಹೇಳು" ಎಂದು ಅಮ್ಮ ನಕ್ಕಳು. ಬೇರೆ ಯಾರೂ ನಗಲಿಲ್ಲ. ಸಿಡುಕಿ ಆ ದಿನ ಅಜ್ಜಿಯ ಅಡುಗೆಯನ್ನು ಬಯ್ಯದೆ ತಿಂದಳು.

ಹೂ ಅರಳಿದ್ದು ರಜೆಯ ದಿನ ಬೆಳಿಗ್ಗೆ. ಸೊಸೆ ಸ್ನಾನಕ್ಕೆ ಹೋಗಿದ್ದಳು. ಮೊದಲು ನೋಡಿದ ಗಡಿಯಾರದವನು ಬಗ್ಗಿ ಮೂಸಿದ. ಇನ್ನೊಮ್ಮೆ ಮೂಸಿದ. ಮಗಳನ್ನು ಕರೆದ.

"ನನಗೆ ನೆಗಡಿಯಾಗಿದೆಯಾ ನೋಡು."

ಸಿಡುಕಿ ಒಂದು ತೆನೆ ಕಿತ್ತು ಅಂಗೈಯಲ್ಲಿ ಹೊಸಕಿ ಮೂಗಿಗೆ ಹಿಡಿದಳು. "ಹುಲ್ಲಿನ ವಾಸನೆ ಅಪ್ಪ. ಘಮವೂ ಇಲ್ಲ, ಗಿಮವೂ ಇಲ್ಲ." ಆಮೇಲೆ ಬುಡ ನೋಡಿದಳು. ಮಣ್ಣು ಒದ್ದೆಯಾಗಿತ್ತು. ಜಲ್ಲಿಯ ನಡುವೆ ಅಕ್ಕಿಯ ನುಚ್ಚು ಬಿದ್ದಿತ್ತು.

"ಅಜ್ಜೀ! ಗಿಡ ಊಟ ಮಾಡಿದೆಯಾ?"

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಸುಳ್ಳು ಹೇಳಲು ಹೊತ್ತು ಸಾಲಲಿಲ್ಲ. "ಬಾಯಾರಿದ್ದನ್ನ ನೋಡ್ಕೊಂಡು ಇರೋಕಾಗ್ಲಿಲ್ಲ ಕಣೇ" ಎಂದಳು.

"ಅಮ್ಮಾ..." ಎಂದು ಮಗ ಶುರು ಮಾಡುವಷ್ಟರಲ್ಲಿ ಸೊಸೆ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಹೂ ನೋಡಿದವಳೇ ಓಡಿಬಂದು ಮಂಡಿಯೂರಿದಳು. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ತೆನೆಗಳನ್ನು ಮುಖಕ್ಕೆ ಒತ್ತಿಕೊಂಡು ದೀರ್ಘವಾಗಿ ಉಸಿರೆಳೆದಳು.

"ಬಂತು" ಎಂದಳು.

"ಏನು?"

"ಘಮ. ಬಂತು ರೀ, ಬಂತು!"

ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಹುಲ್ಲಿನ ವಾಸನೆಯ ಕೈಯನ್ನು ಸಿಡುಕಿ ಬೆನ್ನ ಹಿಂದೆ ಅಡಗಿಸಿದಳು. ಮೊದಲು ಬಾಯಿ ಬಿಟ್ಟವಳು ಅಜ್ಜಿ.

"ನನಗೂ ಬಂತು ಕಣೇ. ಅಲ್ಲಿ ಬಾಗಿಲ ಹತ್ರವೇ ಬಂತು."

"ಹೌದು, ಚೆನ್ನಾಗಿದೆ" ಎಂದ ಗಡಿಯಾರದವನು ನೆಲ ನೋಡುತ್ತ. ಕೊಟ್ಟ ಮಾತು ಇತ್ತಲ್ಲ. ಅಜ್ಜಿ ಸೊಂಟದಿಂದ ಲೈಟರ್ ತೆಗೆದು ಸೊಸೆಯ ಕೈಗಿಟ್ಟಳು.

ಅವತ್ತು ಮಧ್ಯಾಹ್ನ ಆ ಮನೆಯವರು ತುಂಬ ದಿನಗಳ ಮೇಲೆ ಊಟ ಎನ್ನಬಹುದಾದ ಊಟ ಮಾಡಿದರು. ಮೂಗಿಲ್ಲದಿದ್ದರೂ ಅವಳ ಕೈ ಏನನ್ನೂ ಮರೆತಿರಲಿಲ್ಲ. ಸಿಡುಕಿ ಮೂರು ಸಲ ಬಡಿಸಿಕೊಂಡಳು, ತಿನ್ನುತ್ತ ಅತ್ತಳು, ಖಾರವೆಂದಳು.

ಪಾತ್ರೆ ತೊಳೆಯುವ ಸದ್ದಿನ ಮರೆಯಲ್ಲಿ ಮೂವರೂ ಪಿಸುಗುಟ್ಟಿದರು. "ನಿಜ ಹೇಳಿಬಿಡೋಣ" ಎಂದಳು ಸಿಡುಕಿ.

"ಆ ಮುಖ ನೋಡಿದ್ಯಲ್ಲ. ನೀನು ಹೇಳ್ತೀಯಾ?" ಎಂದ ಅಪ್ಪ.

ಅವಳೂ ಹೇಳಲಿಲ್ಲ. ಕೊನೆಗೆ, ಒಲೆ ಉರಿಯುವಾಗ ಯಾರಾದರೊಬ್ಬರು ಅಡುಗೆಮನೆಯಲ್ಲಿ ಇರಲೇಬೇಕು ಎಂದಾಯಿತು. ಮೂರು ಮೂಗು ಸರದಿಯ ಮೇಲೆ ಕಾವಲು ಕೂತವು. ಅಜ್ಜಿ ಮುಗಿದ ಸೊಪ್ಪನ್ನೇ ಮತ್ತೆ ಬಿಡಿಸುತ್ತ ಕೂರುವಳು. ಸಿಡುಕಿ ಸ್ಲ್ಯಾಬಿಗೆ ಒರಗಿ ಫೋನ್ ನೋಡುವಳು. ಗಡಿಯಾರದವನು ಅಂಗಡಿಗೆ ಹೋಗುವ ಮುಂಚೆ ಲೋಟ ಲೋಟ ನೀರು ಕುಡಿಯುವನು.

"ಏನ್ರೀ, ದೂರ ಪ್ರಯಾಣಕ್ಕೆ ಹೊರಟ ಒಂಟೆ ಥರ ಕುಡೀತೀರಲ್ಲ?" ಎಂದು ಹೆಂಡತಿ ಛೇಡಿಸುವಳು. ಅವಳು ಗೆಲುವಾಗಿದ್ದಳು. ಮುಂದಿನ ತಿಂಗಳು ಕ್ಯಾಂಟೀನಿಗೆ ಹೋಗಿ ಕೇಳುತ್ತೇನೆ ಎನ್ನುತ್ತಿದ್ದಳು. ಆಗೆಲ್ಲ ಮೂವರೂ ತಟ್ಟೆ ನೋಡುತ್ತಿದ್ದರು.

ಹೀಗೆ ಕೆಲವು ವಾರ ನಡೆಯಿತು. ಒಂದು ಬೆಳಿಗ್ಗೆ ಹಾಲಿನವಳು ಗೇಟಿನಲ್ಲಿ ಹಾಲು ಅಳೆದು ಕೊಡುತ್ತ ಗಿಡಕ್ಕೆ ಬಗ್ಗಿದಳು. "ಹೂವೇನೋ ಚೆಂದ ಇದೆ ಅಮ್ಮ, ವಾಸನೆನೇ ಇಲ್ವಲ್ಲ! ನಮ್ಮ ಬೀದೀಲಿ ಒಂದಿದೆ, ಅರ್ಧ ಬೀದಿಗೆ ಘಮ್ ಅನ್ನುತ್ತೆ. ನಿಮ್ಮದು ಬೇರೆ ಜಾತಿ ಇರ್ಬೇಕು."

"ಇರ್ಬೇಕು" ಎಂದಳು ಸೊಸೆ.

ಕಿಟಕಿಯ ಹಿಂದೆ ಕೇಳಿಸಿಕೊಂಡ ಅಜ್ಜಿ ಸೊಪ್ಪು ಬಿಡಿಸಲು ಕೂತಳು. ಸೊಸೆ ಒಳಗೆ ಬಂದಳು. ಪಾತ್ರೆಗೆ ಹಾಲು ಬಗ್ಗಿಸಿ ಒಲೆಯ ಮೇಲಿಟ್ಟಳು. ಒಲೆ ಹೊತ್ತಿಸದೆ, ಲೈಟರನ್ನು ಅತ್ತೆಯ ಮುಂದೆ ಇಟ್ಟಳು.

"ಹಾಲು ಕಾಯಿಸಿ ಅತ್ತೆ."

"ಯಾಕೆ, ನೀನೇ..."

"ನೀವೆಲ್ಲ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ."

ಅಜ್ಜಿಗೂ ರೋಷ ಬಂತು. "ಶುರು ಮಾಡಿದ್ದು ಯಾರು? ಇಲ್ಲದ ಘಮ ಬಂತು ಅಂದೋಳು ನೀನು ತಾನೇ?"

ಸೊಸೆ ಹೊಸ್ತಿಲ ಮೇಲೆ, ತನ್ನ ಹಳೆಯ ಜಾಗದಲ್ಲಿ ಕೂತಳು. "ಮೊದಲನೇ ಉಸಿರಿಗೆ ನಿಜವಾಗ್ಲೂ ಬಂತು ಅನ್ನಿಸ್ತು ಅತ್ತೆ. ಅಷ್ಟು ಆಸೆಯಿತ್ತು. ಬಾಯಿಂದ ಬಂದುಬಿಡ್ತು. ಎರಡನೇ ಉಸಿರಿಗೆ ಏನೂ ಇಲ್ಲ. ಇಲ್ಲ ಅನ್ಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನೀವು ನನಗೂ ಬಂತು ಅಂದ್ರಿ. ಹೂವಲ್ಲಿ ಘಮ ಇದೆ, ಇವತ್ತಲ್ಲ ನಾಳೆ ನನಗೂ ಬರುತ್ತೆ ಅಂದ್ಕೊಂಡು ದಿನಾ ಕಾದೆ."

ಅಜ್ಜಿ ಇನ್ನು ಮುಚ್ಚಿಡಲಿಲ್ಲ. ಅಕ್ಕಿ ತೊಳೆದ ನೀರಿನ ವಿಷಯವನ್ನೂ ಹೇಳಿಬಿಟ್ಟಳು. ಸೊಸೆ ಬಯ್ಯಲಿಲ್ಲ. ಬಯ್ದಿದ್ದರೆ ಅಜ್ಜಿಗೆ ಸುಲಭವಾಗುತ್ತಿತ್ತು.

ಸಂಜೆ ಜಗಳವಾಯಿತು, ಆಗಲೇಬೇಕಿತ್ತು. ಯಾವತ್ತೂ ದನಿ ಎತ್ತದ ಗಡಿಯಾರದವನು ತಾಯಿಯ ಮೇಲೆ ಕೂಗಾಡಿದ. "ಒಂದೇ ಒಂದು ಮಾತು ಹೇಳಿದ್ದೆ, ನೀರು ಹಾಕ್ಬೇಡ ಅಂತ!"

"ಹಾಕ್ದೆ, ತಪ್ಪಾಯ್ತು. ನೀನು ಚೆನ್ನಾಗಿದೆ ಅಂದ್ಯಲ್ಲ, ಅದಕ್ಕೆ ನೀರು ನಾನು ಹಾಕಿದ್ನಾ?"

"ಎಲ್ಲರೂ ಸೇರಿ ನನ್ನನ್ನ ಮಗು ಥರ ಕಾದ್ರಿ" ಎಂದಳು ಸೊಸೆ.

"ಸತ್ತುಹೋಗ್ತೀಯ ಅನ್ನೋ ಭಯಕ್ಕೆ ಕಾದ್ವಮ್ಮಾ!" ಎಂದು ಸಿಡುಕಿ ಕಿರುಚಿದಳು. "ಮತ್ತೆ ಅವತ್ತಿನ ಥರ ಬಾಗಿಲು ತೆಗೆಯೋ ಧೈರ್ಯ ನನಗಿಲ್ಲ!"

ಊಟ ತಣ್ಣಗಾಯಿತು.

ಗಡಿಯಾರದವನು ಮತ್ತೆ ನರ್ಸರಿಗೆ ಹೋಗಿ ಕೇಳಿಕೊಂಡು ಬಂದ. ಹೂಬಿಟ್ಟ ಕವಲುಗಳನ್ನೆಲ್ಲ ಕತ್ತರಿಸಿದ, ಕೊಳೆತ ಮೇಲ್ಮಣ್ಣು ತೆಗೆದು ಬುಡಕ್ಕೆ ಜಲ್ಲಿ ತುಂಬಿದ. ಬೇರು ಇನ್ನೂ ಗಟ್ಟಿಯಾಗಿತ್ತು. ಅಜ್ಜಿ ಅಕ್ಕಿ ತೊಳೆದ ನೀರನ್ನು ಮೋರಿಗೆ ಸುರಿಯತೊಡಗಿದಳು. ಬಿಸಿಲಲ್ಲಿ ಗಿಡ ಮುದುಡಿ ಬೂದಿ ಬಣ್ಣಕ್ಕೆ ತಿರುಗಿದಾಗ ಅವಳು ಆ ಕಡೆ ನೋಡದೆ ಗೇಟು ದಾಟುತ್ತಿದ್ದಳು.

ಈಚೆಗೆ ಸೊಸೆ ಗಿಡದ ಹತ್ತಿರ ಹೋಗುತ್ತಿರಲಿಲ್ಲ. ಡಾಕ್ಟರ ಹತ್ತಿರ ಒಬ್ಬಳೇ ಹೋಗಿಬಂದಳು. ಊಟಕ್ಕೆ ಕೂತಾಗ, "ಇಷ್ಟು ದಿನ ಆದ ಮೇಲೆ ಬರೋದು ಕಷ್ಟ ಅಂದ್ರು. ಸುಮ್ನೆ ದುಡ್ಡು ಹಾಕ್ಬೇಡಿ ಅಂದ್ರು" ಎಂದಳು. "ಕ್ಯಾಂಟೀನಿಗೂ ಹೋಗಿದ್ದೆ. ಬೇರೆಯವಳು ಬಂದಿದ್ದಾಳೆ. ಚಿಕ್ಕ ವಯಸ್ಸು, ಕೈ ಚುರುಕಾಗಿದೆ." ಹೇಳಿ, ಗಂಡನ ತಟ್ಟೆಗೆ ಅನ್ನ ಹಾಕಿದಳು. ಅವನು ಸಾಕು ಎನ್ನುವುದನ್ನೂ ಮರೆತು ಕೂತಿದ್ದ.

ಸೆಖೆಗಾಲ ಏರುತ್ತಿದ್ದಾಗ ಗಿಡ ಮತ್ತೆ ಹೂ ಬಿಟ್ಟಿತು. ಈ ಸಲ ಗಿಡ್ಡ ತೆನೆಗಳು, ಕಡು ನೇರಳೆ. ಘಮ ಅಂಗಳ ತುಂಬಿ, ಗೇಟು ದಾಟಿ, ಬಾಗಿಲೊಳಗೆ ನುಗ್ಗಿ, ಅಡುಗೆಮನೆಯವರೆಗೂ ಬಂತು. ಮೂವರಿಗೂ ಬಂತು. ಮೂವರೂ ಬಾಯಿ ಬಿಡಲಿಲ್ಲ. ಗಡಿಯಾರದವನು ಗೇಟಿನ ತನಕ ಉಸಿರು ಬಿಗಿಹಿಡಿದು ನಡೆಯುತ್ತಿದ್ದ, ಏನೋ ಕದ್ದವನ ಹಾಗೆ. ಸಿಡುಕಿ ಧೂಳು ಎಂದು ಕಿಟಕಿಗಳನ್ನೆಲ್ಲ ಮುಚ್ಚಿದಳು.

ಒಂದು ಸಂಜೆ ಸೊಸೆ ಬೆವರು ಒರೆಸಿಕೊಳ್ಳುತ್ತ ಕೇಳಿದಳು. "ಇಂಥ ಸೆಖೇಲಿ ಕಿಟಕಿ ಯಾಕೆ ಮುಚ್ಚಿದ್ದೀರಿ?"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎದ್ದು ಹೋಗಿ ಕಿಟಕಿ ತೆಗೆದಳು. ತೆಗೆದೊಡನೆ ಮೂವರ ಮುಖವೂ ಬದಲಾದದ್ದು ಅವಳಿಗೆ ಕಂಡಿತು.

"ಬಂದಿದೆ ಅಲ್ವಾ?" ಎಂದಳು.

"ಬಂದಿದೆ" ಎಂದಳು ಅಜ್ಜಿ.

ಸೊಸೆ ಅತ್ತೆಯ ಪಕ್ಕದಲ್ಲಿ ಬಂದು ಕೂತಳು. "ಹೇಗಿದೆ ಹೇಳಿ ಅತ್ತೆ."

ಹೂವಿನ ವಾಸನೆ ಹೂವಿನ ಹಾಗಿರುತ್ತದೆ, ಅದನ್ನು ಏನೆಂದು ಹೇಳುವುದು? ಅಜ್ಜಿ ತಡಕಾಡಿದಳು. "ಒಂಥರಾ... ಬಿಸಿಲಲ್ಲಿ ಒಣಗಿದ ಬಟ್ಟೆ ಮಡಚುವಾಗ ಬರುತ್ತಲ್ಲ, ಅದರ ಥರ."

ಸೊಸೆ ಯೋಚಿಸಿದಳು. "ಅದು ಹೇಗಿತ್ತು ಅತ್ತೆ?"

"ಅಯ್ಯೋ, ಅದು... ನಿಂಬೆ ಸಿಪ್ಪೆ ಚಿವುಟಿದ ಹಾಗೆ ಅನ್ನು."

"ನಿಂಬೆ ಹುಳಿ ನೆನಪಿದೆ. ವಾಸನೆ ನೆನಪಿಲ್ಲ."

ಅಜ್ಜಿಯ ಕಣ್ಣು ತುಂಬಿತು. ಸೋಲಲು ಅವಳಿಗೆ ಮನಸ್ಸಿರಲಿಲ್ಲ. "ಸಿಡುಕಿ ಮಗುವಾಗಿದ್ದಾಗ ಸ್ನಾನ ಮಾಡಿಸಿ ತಲೆ ಒರೆಸಿ ನಿನ್ನ ಕೈಗೆ ಕೊಡ್ತಿದ್ನಲ್ಲ, ನೀನು ನೆತ್ತಿ ಮೂಸ್ತಾ ಕೂತ್ಕೋತಿದ್ದೆ, ಹಾಲು ಕುಡಿಸೋದೂ ಮರೆತು. ಹಾಗಿದೆ ಕಣೇ, ಥೇಟ್ ಹಾಗೇ."

ಸೊಸೆ ಮಗಳ ಕಡೆ ನೋಡಿದಳು. ನೋಡುತ್ತಲೇ ಇದ್ದಳು. "ಮೂಸ್ತಿದ್ದದ್ದು ನೆನಪಿದೆ" ಎಂದಳು.

ಸಿಡುಕಿ ಎದ್ದು ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತು ತಲೆ ಬಗ್ಗಿಸಿದಳು. ಅಮ್ಮ ಎರಡೂ ಕೈಯಲ್ಲಿ ಆ ತಲೆಯನ್ನು ಹಿಡಿದು, ನೆತ್ತಿಯ ಕೂದಲಲ್ಲಿ ಮುಖವಿಟ್ಟು, ದೀರ್ಘವಾಗಿ ಉಸಿರೆಳೆದಳು. ಬಿಟ್ಟು, ಮತ್ತೆ ಎಳೆದಳು. ಗಡಿಯಾರದವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಜ್ಜಿ ಕೈ ಬಾಯಿಗೆ ಒತ್ತಿಕೊಂಡಿದ್ದಳು.

"ಬಂತಾ ಅಮ್ಮ?" ಎಂದಳು ಸಿಡುಕಿ ತಲೆ ಎತ್ತದೆ.

"ಇಲ್ಲ ಕಣೇ" ಎಂದಳು ಅಮ್ಮ.